ಬಿ ಫಾರಂ ಯಾರ ಕೈಯಲ್ಲಿ? ಕೆನಡಾ, ಅಮೆರಿಕದಲ್ಲಿ ನಾಯಕನ ಆಯ್ಕೆ

ನೇಪಿಯನ್ ಕನ್ನಡಿಗ (2025 ನವೆಂಬರ್ 22)

ಎಲ್ಲರಿಗೂ ನಮಸ್ಕಾರ. ನಾನಿರುವುದು ಒಟ್ಟಾವಾದ ನೇಪಿಯನ್‌ನಲ್ಲಿ. ಕಳೆದ ವರ್ಷ ಪೌರತ್ವ ಸಿಕ್ಕಿತು. ಈ ಏಪ್ರಿಲ್ 28ರಂದು ಇಲ್ಲಿ ಮೊದಲ ಸಲ ಓಟು ಹಾಕಿದೆ. ಮೊನ್ನೆ ಊರಿಂದ ದೊಡ್ಡಪ್ಪ ಫೋನ್ ಮಾಡಿ, "ನೀವೂ ಅಮೆರಿಕದವರ ಥರಾನೇ ಪ್ರಧಾನಿಗೆ ಓಟು ಹಾಕ್ತೀರಾ?" ಅಂತ ಕೇಳಿದರು. ಅರ್ಧ ಗಂಟೆ ಹೇಳಿದೆ. ಫೋನ್ ಇಟ್ಟ ಮೇಲೆ, ಮುಖ್ಯವಾದ ಮಾತನ್ನೇ ಬಿಟ್ಟೆ ಅನ್ನಿಸಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಓಟು ಹಾಕಿದ ದಿನದ್ದು ಹೇಳುತ್ತೇನೆ. ಶಾಲೆಯ ಆಟದ ಹಾಲ್‌ನಲ್ಲಿ ಒಂದು ಮೇಜು. ಗುರುತಿನ ಚೀಟಿ ನೋಡಿ ಮಡಚಿದ ಕಾಗದ ಕೊಟ್ಟರು. ರಟ್ಟಿನ ಮರೆ, ಅದರ ಹಿಂದೆ ಒಂದು ಪೆನ್ಸಿಲ್. ಹೆಸರುಗಳ ಪಟ್ಟಿ, ಪ್ರತಿ ಹೆಸರಿನ ಕೆಳಗೆ ಪಕ್ಷ, ಪಕ್ಕದಲ್ಲಿ ಒಂದು ಬಿಳಿ ವೃತ್ತ. ಗುರುತು ಹಾಕಿ ಮಡಚಿ ವಾಪಸ್ ಕೊಟ್ಟರೆ ಅವರು ನಂಬರ್ ಇರುವ ತುಂಡನ್ನು ಹರಿದು ತೆಗೆದರು. ಉಳಿದದ್ದನ್ನು ನಾನೇ ಪೆಟ್ಟಿಗೆಗೆ ಹಾಕಿದೆ. ಎಲ್ಲಾ ಸೇರಿ ಐದು ನಿಮಿಷ.

ಆ ಕಾಗದದಲ್ಲಿ ಪ್ರಧಾನಿ ಮಾರ್ಕ್ ಕಾರ್ನಿ ಹೆಸರಿತ್ತು. ಆದರೆ ಪ್ರಧಾನಿ ಅಂತಲ್ಲ, ನೇಪಿಯನ್‌ನ ಸಂಸದ ಸ್ಥಾನದ ಅಭ್ಯರ್ಥಿ ಅಂತ. ಕೆನಡಾದ 343 ಕ್ಷೇತ್ರಗಳಲ್ಲಿ ಆ ಹೆಸರು ನೋಡಿದವರು ನಾವು ಮಾತ್ರ. ನನ್ನ ಗೆಳೆಯನ ಮನೆ ಹತ್ತಿರದ ಕಾನಾಟಾದಲ್ಲಿದೆ. ಅವನಿಗೆ ಆ ಅವಕಾಶ ಇರಲಿಲ್ಲ. ಇದೇ ಊರಿನ ಕಾರ್ಲ್‌ಟನ್ ಕ್ಷೇತ್ರದಲ್ಲಿ ವಿರೋಧ ಪಕ್ಷದ ನಾಯಕ ಪಿಯರ್ ಪೊಯ್ಲಿಯೆವ್ರ್ ನಿಂತಿದ್ದರು. ಚುನಾವಣಾ ಪದ್ಧತಿಯ ವಿರುದ್ಧ ಪ್ರತಿಭಟಿಸಿ ಒಂದು ಗುಂಪು ಅಲ್ಲಿ ಜನರನ್ನು ನಿಲ್ಲಿಸಿತ್ತು. 91 ಅಭ್ಯರ್ಥಿಗಳು, ಸುಮಾರು ಒಂದು ಮೀಟರ್ ಉದ್ದದ ಮತಪತ್ರ! ಅಲ್ಲಿ ಪೊಯ್ಲಿಯೆವ್ರ್ ಸೋತರು.

ಅಮೆರಿಕದಲ್ಲಿರುವವರು ನಿಮ್ಮ ಕಡೆ ಹೇಗೆ ಅಂತ ಬರೆಯಿರಿ. ಸಂವಿಧಾನದ ಪಾಠ ಬೇಡ, ನೀವು ಕಂಡದ್ದು ಬರೆದರೆ ಸಾಕು.

ಎಡಿಸನ್ ಅಕ್ಕ

ನ್ಯೂಜೆರ್ಸಿಗೆ ಬಂದು 21 ವರ್ಷ ಆಯಿತು. ನಮ್ಮಲ್ಲಿ ಚುನಾವಣೆಗೆ ಮುಂಚೆ ಮಾದರಿ ಮತಪತ್ರ ಮನೆಗೇ ಅಂಚೆಯಲ್ಲಿ ಬರುತ್ತದೆ. 2024ರದ್ದನ್ನು ಅಡುಗೆ ಮನೆ ಮೇಜಿನ ಮೇಲೆ ಹರಡಿಕೊಂಡು ಮಗನ ಜೊತೆ ಕೂತು ಓದಿದ್ದೆ. ಅಧ್ಯಕ್ಷರು ಮತ್ತು ಉಪಾಧ್ಯಕ್ಷರು, ಸೆನೆಟ್, ಹೌಸ್ (ಸಂಸತ್ತಿನ ಕೆಳಮನೆ), ಕೌಂಟಿಯವರು, ಶಾಲಾ ಮಂಡಳಿ. ಒಂದೇ ಹಾಳೆಯಲ್ಲಿ ಇಷ್ಟು. ನಿಮ್ಮ ಒಂದೇ ವೃತ್ತ ನನಗೆ ಹೊಟ್ಟೆಕಿಚ್ಚು ತರಿಸುತ್ತದೆ.

ಆದರೆ ಅಧ್ಯಕ್ಷರ ಹೆಸರು ಕಣ್ಣೆದುರೇ ಇದ್ದರೂ ನನ್ನ ಓಟು ನೇರ ಅವರಿಗೆ ಹೋಗುವುದಿಲ್ಲ. ನ್ಯೂಜೆರ್ಸಿಗೆ 14 ಎಲೆಕ್ಟರ್‌ಗಳು, ಅಂದರೆ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳು. ರಾಜ್ಯದಲ್ಲಿ ಯಾರಿಗೆ ಒಂದು ಓಟು ಜಾಸ್ತಿಯೋ ಅವರಿಗೆ 14ಕ್ಕೆ 14. ದೇಶಕ್ಕೆಲ್ಲ 538, ಗೆಲ್ಲಲು 270. ಮೇಯ್ನ್ ಮತ್ತು ನೆಬ್ರಾಸ್ಕಾ ಬಿಟ್ಟರೆ ಎಲ್ಲ ಕಡೆ ಇದೇ ಲೆಕ್ಕ. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ 28 ಲಕ್ಷಕ್ಕೂ ಜಾಸ್ತಿ ಓಟು ಬಿದ್ದರೂ ಟ್ರಂಪ್ ಗೆದ್ದರು. 2000ದಲ್ಲಿ ಫ್ಲಾರಿಡಾದ 537 ಓಟುಗಳು ಬುಷ್ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದವು.

ನಮ್ಮ ರಾಜ್ಯಕ್ಕೆ ಪ್ರಚಾರಕ್ಕೆ ಬರುವವರು ಕಡಿಮೆ. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ವಾರಕ್ಕೆ ಎರಡು ಸಭೆ. ಡೆಲವೇರ್ ನದಿ ದಾಟಿದರೆ ಓಟಿನ ಬೆಲೆಯೇ ಬೇರೆ. ಇಷ್ಟು ವರ್ಷ ಆದರೂ ಇದು ನನಗೆ ಬೇಜಾರಿನ ವಿಷಯ.

ಶಿರಾ ಮೇಷ್ಟ್ರು

ನಾನು ನಿವೃತ್ತ ಶಿಕ್ಷಕ, ಶಿರಾದಲ್ಲೇ ಇದ್ದೇನೆ. ಕೆನಡಾದ ಪದ್ಧತಿ ನಮಗೆ ಬೇಗ ಅರ್ಥವಾಗುತ್ತದೆ. ನಾವು ಶಾಸಕರನ್ನು ಆರಿಸುತ್ತೇವೆ, ಅವರ ಬೆಂಬಲ ಇದ್ದವರು ಮುಖ್ಯಮಂತ್ರಿ. ಕಾರ್ನಿ ಮಾರ್ಚ್ 14ರಂದು ಪ್ರಮಾಣ ವಚನ ತೆಗೆದುಕೊಂಡಾಗ ಸಂಸದರೇ ಆಗಿರಲಿಲ್ಲ ಅಂತ ಇಲ್ಲಿ ಕೆಲವರು ಅಚ್ಚರಿಪಟ್ಟರು. 1996ರ ಜೂನ್ 1ರಂದು ದೇವೇಗೌಡರು ಪ್ರಧಾನಿಯಾದಾಗಲೂ ಅವರು ಸಂಸದರಾಗಿರಲಿಲ್ಲ. ನಮ್ಮಲ್ಲಿ ಆರು ತಿಂಗಳ ಗಡುವು ಸಂವಿಧಾನದಲ್ಲೇ ಇದೆ. ಕೆನಡಾದಲ್ಲಿ ಅದು ರೂಢಿ ಅಷ್ಟೇ ಅಂತ ಓದಿದ್ದೇನೆ.

ನನ್ನ ಪ್ರಶ್ನೆ ಬೇರೆ. ನಮ್ಮ ತಾಲೂಕಿನ ದ್ವಾರ್ಲು ಗ್ರಾಮದ ಚಂದ್ರ ಆರ್ಯ ಅವರು ನಿಮ್ಮ ನೇಪಿಯನ್‌ನಿಂದಲೇ ಮೂರು ಸಲ ಗೆದ್ದವರು. 2022ರಲ್ಲಿ ಕೆನಡಾ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದಾಗ ಊರಿನವರೆಲ್ಲ ಮೊಬೈಲ್‌ನಲ್ಲಿ ಅದನ್ನೇ ನೋಡಿದೆವು. ಈ ಜನವರಿಯಲ್ಲಿ ಅವರು ಪ್ರಧಾನಿ ಹುದ್ದೆಗೆ ಸ್ಪರ್ಧಿಸುತ್ತಾರೆ ಅಂತ ಸುದ್ದಿ ಬಂತು. ಆಮೇಲೆ ಅವರಿಗೆ ಅವಕಾಶವೇ ಇಲ್ಲ ಎಂದಾಯಿತು. ಗೆದ್ದ ಸಂಸದನನ್ನು ಜನ ತಿರಸ್ಕರಿಸಬಹುದು, ಸರಿ. ಜನರ ಹತ್ತಿರ ಹೋಗುವ ಮೊದಲೇ ತಡೆಯುವುದು ಹೇಗೆ?

ನೇಪಿಯನ್ ಕನ್ನಡಿಗ

ಮೇಷ್ಟ್ರೇ, ದೊಡ್ಡಪ್ಪನಿಗೆ ನಾನು ಹೇಳದೆ ಬಿಟ್ಟದ್ದು ಇದನ್ನೇ.

ಜನವರಿ 6ರಂದು ಆಗಿನ ಪ್ರಧಾನಿ ಜಸ್ಟಿನ್ ಟ್ರೂಡೊ ರಾಜೀನಾಮೆ ಘೋಷಿಸಿದರು. ಹೊಸ ನಾಯಕನನ್ನು ಆರಿಸುವ ಕೆಲಸ ದೇಶದ್ದಲ್ಲ, ಲಿಬರಲ್ ಪಕ್ಷದ ಒಳಗಿನದು. ನಿಯಮ ಬರೆಯುವುದೂ ಪಕ್ಷವೇ. ಸ್ಪರ್ಧಿಸಲು ಮೂರೂವರೆ ಲಕ್ಷ ಡಾಲರ್ ಕಟ್ಟಬೇಕು, ಜೊತೆಗೆ ಪಕ್ಷ ಒಪ್ಪಬೇಕು. ಆರ್ಯ ಅವರನ್ನು ಪಕ್ಷ ಒಪ್ಪಲಿಲ್ಲ. ಮಾರ್ಚ್‌ನಲ್ಲಿ ನೇಪಿಯನ್ ಟಿಕೆಟ್ಟನ್ನೂ ವಾಪಸ್ ತೆಗೆದುಕೊಂಡಿತು. ಕೆಲವೇ ದಿನಗಳಲ್ಲಿ ಅದೇ ಕ್ಷೇತ್ರಕ್ಕೆ ಕಾರ್ನಿ ಬಂದರು.

ಇದಕ್ಕೆ ಕಾನೂನಿನ ಬೆಂಬಲವೂ ಇದೆ. ಮತಪತ್ರದಲ್ಲಿ ಹೆಸರಿನ ಜೊತೆ ಪಕ್ಷದ ಹೆಸರು ಬರಬೇಕಾದರೆ ಪಕ್ಷದ ನಾಯಕನ, ಇಲ್ಲವೇ ಪಕ್ಷ ಗೊತ್ತು ಮಾಡಿದವರ ಒಪ್ಪಿಗೆ ಸಹಿ ಬೇಕು. ನಮ್ಮ ಬಿ ಫಾರಂ ಇದ್ದ ಹಾಗೇ. ಮತಪತ್ರದಲ್ಲಿ ಪಕ್ಷದ ಹೆಸರು ಅಚ್ಚಾಗಲು ಶುರುವಾದದ್ದೇ 1972ರ ಚುನಾವಣೆಯಿಂದ. ಯಾರು ನಿಜವಾದ ಪಕ್ಷದವರು ಅಂತ ಅಧಿಕಾರಿಗೆ ಗೊತ್ತಾಗಲಿ ಅಂತ ಸಹಿ ಬಂತು. ಆ ಸಣ್ಣ ಅನುಕೂಲವೇ ಈಗ ನಾಯಕನ ಕೈಯಲ್ಲಿರುವ ಅತಿ ದೊಡ್ಡ ಅಧಿಕಾರ. ಮಾತು ಕೇಳದ ಸಂಸದನಿಗೆ ಮುಂದಿನ ಸಲ ಸಹಿ ಇಲ್ಲ.

ಸಹಿ ಇಲ್ಲದೆ ಗೆಲ್ಲಲು ಆಗುವುದೇ ಇಲ್ಲ ಅಂತಲ್ಲ. ಟ್ರೂಡೊ ಪಕ್ಷದಿಂದ ಹೊರಹಾಕಿದ ಜೋಡಿ ವಿಲ್ಸನ್‌-ರೇಬೋಲ್ಡ್ 2019ರಲ್ಲಿ ವ್ಯಾಂಕೂವರ್‌ನಲ್ಲಿ ಪಕ್ಷೇತರರಾಗಿ ಗೆದ್ದರು. ಅದೇ ಸಲ, ಅವರ ಜೊತೆಗೇ ಹೊರಬಿದ್ದ ಜೇನ್ ಫಿಲ್‌ಪಾಟ್ ಸೋತರು.

ಪಕ್ಷದ ನಿರ್ಧಾರ ಸರಿಯೋ ತಪ್ಪೋ ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ. ನನ್ನ ಸಂಕಟ ಇಷ್ಟೇ. ಮೂರು ಸಲ ಗೆದ್ದವರು ಬೇಕೋ ಬೇಡವೋ ಅಂತ ಹೇಳುವ ಅವಕಾಶ ಈ ಕ್ಷೇತ್ರದ ನಮಗೆ ಸಿಗಲಿಲ್ಲ. ನಾವು ಪೆನ್ಸಿಲ್ ಹಿಡಿಯುವ ಹೊತ್ತಿಗೆ ಅರ್ಧ ಚುನಾವಣೆ ಮುಗಿದಿತ್ತು.

ವಿಂಡ್ಸರ್ ಗೆಳೆಯ

ಈ ಚರ್ಚೆಗೆ ನಾನು ಬರಲೇಬೇಕು. ಮನೆ ಒಂಟಾರಿಯೊದ ವಿಂಡ್ಸರ್‌ನಲ್ಲಿ, ಕೆಲಸ ಡೆಟ್ರಾಯಿಟ್‌ನಲ್ಲಿ. ದಿನಾ ಸುರಂಗ ದಾಟುತ್ತೇನೆ.

ಆರ್ಯ ಅವರ ಕಥೆಯ ಪಕ್ಕದಲ್ಲಿ ಇನ್ನೊಂದು ಕಥೆ ಇಡಿ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಈಗ ಡೆಟ್ರಾಯಿಟ್ ಭಾಗದ ಹೌಸ್ ಸದಸ್ಯರು. 2018ರಲ್ಲಿ ಮಿಷಿಗನ್ ಗವರ್ನರ್ ಆಗಲು ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಚುನಾವಣೆಯಲ್ಲಿ, ನಿಂತು ಮೂರನೇ ಸ್ಥಾನಕ್ಕೆ ಬಂದರು. 2022ರಲ್ಲಿ ಹೌಸ್‌ಗೆ ನಿಂತರು. ಊರಿನ ಹಲವು ನಾಯಕರು ಬೇರೆ ಅಭ್ಯರ್ಥಿಯ ಬೆನ್ನಿಗಿದ್ದರು. ಆದರೂ ಯಾರೂ ಅವರನ್ನು ತಡೆಯಲು ಆಗಲಿಲ್ಲ. ಸಹಿ ಸಂಗ್ರಹಿಸಿ ಅರ್ಜಿ ಹಾಕಿದರೆ ಪ್ರೈಮರಿಗೆ ನಿಲ್ಲಬಹುದು. ಪಕ್ಷದ ಟಿಕೆಟ್ ಯಾರಿಗೆ ಅಂತ ಹೇಳುವುದು ಮತದಾರರು.

ಕೇಳಲು ಚೆನ್ನಾಗಿದೆ. ಆದರೆ ಎರಡು ಸಲವೂ ಅವರು ಹಾಕಿದ್ದು ಮಿಲಿಯನ್‌ಗಟ್ಟಲೆ ಡಾಲರ್ ಸ್ವಂತ ಹಣ. 2022ರಲ್ಲಿ ಕಣದಲ್ಲಿದ್ದವರು ಒಂಬತ್ತು ಜನ. ಓಟು ಹಂಚಿ ಹೋಗಿ, ಮೂರನೇ ಒಂದು ಭಾಗವೂ ಸಿಗದೆ ಗೆದ್ದರು. ಅದು ಡೆಮಾಕ್ರಟರ ಭದ್ರ ಕೋಟೆ, ನವೆಂಬರ್ ಚುನಾವಣೆ ಹೆಸರಿಗಷ್ಟೇ. ಕೆನಡಾದಲ್ಲಿ ಬಿ ಫಾರಂ ನಾಯಕನ ಜೇಬಿನಲ್ಲಿದೆ. ಅಮೆರಿಕದಲ್ಲಿ ಅದು ಜನರ ಕೈಯಲ್ಲಿದೆ, ಆದರೆ ಅದನ್ನು ಕೇಳಲು ಹೋಗುವ ದಾರಿಗೆ ದುಡ್ಡು ಬೇಕು.

ದುಡ್ಡಿನ ವ್ಯತ್ಯಾಸ ನಮ್ಮ ಟಿವಿಯಲ್ಲೇ ಕಾಣುತ್ತದೆ. ನಮಗೆ ಡೆಟ್ರಾಯಿಟ್ ಚಾನೆಲ್‌ಗಳು ಬರುತ್ತವೆ. 2024ರ ಅಕ್ಟೋಬರ್‌ನಲ್ಲಿ ಸಂಜೆ ವಾರ್ತೆ ನೋಡಲು ಕೂತರೆ ಜಾಹೀರಾತಿನ ಮೇಲೆ ಜಾಹೀರಾತು, ಎಲ್ಲವೂ ಒಬ್ಬರನ್ನೊಬ್ಬರು ಹೆದರಿಸುವಂಥವು. ನನ್ನ ಚಿಕ್ಕ ಮಗಳು ಅವರ ಮಾತನ್ನು ಬಾಯಿಪಾಠ ಮಾಡಿದ್ದಳು. ನಮ್ಮ ಏಪ್ರಿಲ್ ಚುನಾವಣೆಗೆ ಪ್ರಚಾರ ಒಟ್ಟು 36 ದಿನ. ಕಂಪನಿಗಳು, ಕಾರ್ಮಿಕ ಸಂಘಗಳು ಪಕ್ಷಕ್ಕೆ ಹಣ ಕೊಡುವ ಹಾಗಿಲ್ಲ. ಒಬ್ಬ ವ್ಯಕ್ತಿ ಒಂದು ಪಕ್ಷಕ್ಕೆ 2025ರಲ್ಲಿ 1,750 ಡಾಲರ್‌ಗಿಂತ ಜಾಸ್ತಿ ಕೊಡುವಂತಿರಲಿಲ್ಲ. ಅಮೆರಿಕದಲ್ಲಿ 2010ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹೊರಗಿನ ಗುಂಪುಗಳ ಖರ್ಚಿಗೆ ಮಿತಿಯೇ ಇಲ್ಲ.

ಇನ್ನೊಂದು. ಈ ಸಲ ನಮ್ಮ ವಿಂಡ್ಸರ್–ಟೆಕಮ್ಸೆ–ಲೇಕ್‌ಶೋರ್ ಕ್ಷೇತ್ರದಲ್ಲಿ ಮರುಎಣಿಕೆಯ ನಂತರ ಗೆಲುವಿನ ಅಂತರ 4 ಓಟು. ನಾಲ್ಕೇ! ಆ ದಿನ ಜ್ವರ ಅಂತ ಮನೆಯಲ್ಲಿ ಮಲಗಿದ್ದ ನನ್ನ ಸಹೋದ್ಯೋಗಿ ಈಗಲೂ ಕೊರಗುತ್ತಾನೆ.

ಕ್ಯಾಲ್ಗರಿ ಹುಬ್ಬಳ್ಳಿ

ಕೆನಡಾದ ಲೆಕ್ಕದಲ್ಲಿ ಎಲ್ಲ ಸರಿ ಇದೆ ಅನ್ನೋ ಹಾಗೆ ಬರೀಬೇಡ್ರಿ. ಎಡಿಸನ್ ಅಕ್ಕ 2016ರ ಕಥೆ ಹೇಳಿದರು. ನಮ್ಮಲ್ಲಿ ಅದು ಸತತ ಎರಡು ಸಲ ಆಗಿದೆ. 2019ರಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ ಶೇ. 34.3, ಲಿಬರಲ್‌ಗೆ ಶೇ. 33.1. ಸೀಟು ಮಾತ್ರ 121 ಮತ್ತು 157. 2021ರಲ್ಲೂ ಓಟು ಕನ್ಸರ್ವೇಟಿವ್‌ಗೆ ಜಾಸ್ತಿ, ಸರ್ಕಾರ ಲಿಬರಲ್‌ದು. ಆಲ್ಬರ್ಟಾದಲ್ಲಿ 2019ರಲ್ಲಿ 34ರಲ್ಲಿ 33 ಸೀಟು ಕನ್ಸರ್ವೇಟಿವ್ ಗೆದ್ದಿತ್ತು. ಗೆದ್ದ ಮೇಲೂ ರಾಶಿ ಬಿದ್ದ ಓಟುಗಳು ಯಾವ ಲೆಕ್ಕಕ್ಕೂ ಬರಲಿಲ್ಲ. ಇಲ್ಲಿ ಲಿಬರಲ್‌ಗೆ ಹಾಕಿದವರ ಓಟಿಗೂ ಬೆಲೆ ಇಲ್ಲ, ಕನ್ಸರ್ವೇಟಿವ್‌ಗೆ ಹಾಕಿದ ಹೆಚ್ಚಿನ ಓಟಿಗೂ ಬೆಲೆ ಇಲ್ಲ.

2015ರಲ್ಲಿ ಟ್ರೂಡೊ, ಕ್ಷೇತ್ರದಲ್ಲಿ ಹೆಚ್ಚು ಓಟು ಬಿದ್ದವರೇ ಗೆಲ್ಲುವ ಈ ಪದ್ಧತಿಯಲ್ಲಿ ನಡೆಯುವ ಕೊನೆಯ ಚುನಾವಣೆ ಇದೇ ಅಂತ ಮಾತು ಕೊಟ್ಟಿದ್ದರು. 2017ರ ಫೆಬ್ರವರಿಯಲ್ಲಿ ಕೈಬಿಟ್ಟರು. ಆ ಮಾತು ನಂಬಿ ಓಟು ಹಾಕಿದವಳು ನಾನು. ಇವತ್ತಿಗೂ ಸಿಟ್ಟಿದೆ. ಆದರೆ ಜನರನ್ನು ಕೇಳಿದಾಗಲೂ ಬದಲಾವಣೆ ಬರಲಿಲ್ಲ. ಬ್ರಿಟಿಷ್ ಕೊಲಂಬಿಯಾದಲ್ಲಿ 2018ರ ಜನಮತದಲ್ಲಿ ಶೇ. 61 ಜನ ಹಳೆಯದೇ ಇರಲಿ ಅಂದರು.

ಒಂದು ವಿಷಯದಲ್ಲಿ ಮಾತ್ರ ಕೆನಡಾವನ್ನು ಎರಡೂ ಕೈಯಿಂದ ಹೊಗಳುತ್ತೇನೆ. ಕ್ಷೇತ್ರದ ಗಡಿ ಎಳೆಯುವುದು ಪಕ್ಷಗಳಲ್ಲ, ಸ್ವತಂತ್ರ ಆಯೋಗಗಳು. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಆಳುವ ಪಕ್ಷವೇ ನಕ್ಷೆ ಬರೆಯುತ್ತದೆ. ಈ ವರ್ಷ ಟೆಕ್ಸಸ್ ಜನಗಣತಿಗೂ ಕಾಯದೆ ನಕ್ಷೆ ಬದಲಿಸಿತು. ಅದಕ್ಕೆ ಉತ್ತರವಾಗಿ ಕ್ಯಾಲಿಫೋರ್ನಿಯಾದವರು ಇದೇ ನವೆಂಬರ್ 4ರಂದು ಓಟು ಹಾಕಿ ತಮ್ಮ ನಕ್ಷೆ ಬದಲಿಸಿದರು.

ಹೊಸಬ ಬ್ರಾಂಪ್ಟನ್

ಒಂದು ಸಣ್ಣ ಪ್ರಶ್ನೆ. ನಾಯಕ ಸರಿ ಇಲ್ಲ ಅಂದರೆ ತೆಗೆಯುವುದು ಎಲ್ಲಿ ಸುಲಭ?

ಎಡಿಸನ್ ಅಕ್ಕ

ಅಮೆರಿಕದಲ್ಲಂತೂ ಅಲ್ಲ. ನಾಲ್ಕು ವರ್ಷ ಅಂದರೆ ನಾಲ್ಕು ವರ್ಷ. ಮಹಾಭಿಯೋಗ ನಡೆದದ್ದು ಮೂವರು ಅಧ್ಯಕ್ಷರ ಮೇಲೆ, ಒಟ್ಟು ನಾಲ್ಕು ಸಲ. ಸೆನೆಟ್‌ನಲ್ಲಿ ಮೂರನೇ ಎರಡು ಭಾಗ ಓಟು ಬೇಕು. ಒಬ್ಬರೂ ಕೆಳಗಿಳಿಯಲಿಲ್ಲ. ಆದರೆ ಎರಡು ಅವಧಿ ಗೆದ್ದವರು ಮತ್ತೆ ಚುನಾವಣೆಯಲ್ಲಿ ಗೆದ್ದು ಬರುವಂತಿಲ್ಲ, ಅದು 1951ರಿಂದ ಸಂವಿಧಾನದಲ್ಲೇ ಇದೆ. ಕೆನಡಾದಲ್ಲಿ ಅಂಥ ಮಿತಿ ಇಲ್ಲ ಅಲ್ವಾ?

ಪ್ರೈಮರಿ ಬಗ್ಗೆ ವಿಂಡ್ಸರ್‌ನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಜನ ಟಿಕೆಟ್ ಕೊಡುವ ಪದ್ಧತಿ ಅಷ್ಟು ಹಳೆಯದಲ್ಲ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೂ ಪ್ರೈಮರಿಗೆ ಇಳಿಯದೆ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಪಕ್ಷದ ಸಮಾವೇಶ ನಡೆದ ಶಿಕಾಗೊದ ಬೀದಿಯಲ್ಲಿ ಗಲಾಟೆ ಆಯಿತು. ಆ ಮೇಲೆ ನಿಯಮ ಬದಲಾಗಿ, 1972ರಿಂದ ಪ್ರೈಮರಿಯೇ ಮುಖ್ಯವಾಯಿತು. ಆದರೆ ನ್ಯೂಜೆರ್ಸಿಯ ಪ್ರೈಮರಿ ಜೂನ್‌ನಲ್ಲಿ. ಅಷ್ಟು ಹೊತ್ತಿಗೆ ಅಧ್ಯಕ್ಷೀಯ ಅಭ್ಯರ್ಥಿ ಹೆಚ್ಚಾಗಿ ತೀರ್ಮಾನ ಆಗಿರುತ್ತಾರೆ. 2024ರಲ್ಲಿ ಜುಲೈ 21ಕ್ಕೆ ಬೈಡನ್ ಹಿಂದೆ ಸರಿದರು. ಎರಡು ವಾರದಲ್ಲಿ ಪಕ್ಷದ ಪ್ರತಿನಿಧಿಗಳೇ ಕಮಲಾ ಹ್ಯಾರಿಸ್ ಅವರನ್ನು ಆರಿಸಿದರು. ಆ ಸಲ ನಾವೂ ಕೆನಡಾದವರ ಹಾಗೇ ಆದೆವು.

ಪಕ್ಷದ ದೊಡ್ಡವರ ಹಿಡಿತ ನಮ್ಮ ರಾಜ್ಯದಲ್ಲೂ ಇತ್ತು. ಪ್ರೈಮರಿ ಮತಪತ್ರದಲ್ಲಿ ಕೌಂಟಿ ಪಕ್ಷ ಒಪ್ಪಿದವರೆಲ್ಲ ಒಂದೇ ಸಾಲಿನಲ್ಲಿ ಚಂದವಾಗಿ ಕಾಣುತ್ತಿದ್ದರು. ಮಿಕ್ಕವರ ಹೆಸರು ಎಲ್ಲೋ ಮೂಲೆಯಲ್ಲಿ. ಅದನ್ನು 'ಲೈನ್' ಅಂತಲೇ ಕರೆಯುತ್ತಿದ್ದೆವು. ನಾನೇ ಎಷ್ಟೋ ವರ್ಷ ಆ ಸಾಲನ್ನು ಕಣ್ಣು ಮುಚ್ಚಿ ಒತ್ತಿದ್ದೇನೆ. ಸೆನೆಟ್‌ಗೆ ನಿಂತಿದ್ದ ಆಂಡಿ ಕಿಮ್ ಕೋರ್ಟಿಗೆ ಹೋದರು. 2024ರ ಮಾರ್ಚ್‌ನಲ್ಲಿ ನ್ಯಾಯಾಧೀಶರು ಆ ಸಲದ ಡೆಮಾಕ್ರಟಿಕ್ ಪ್ರೈಮರಿಗೆ ಅದನ್ನು ನಿಲ್ಲಿಸಿದರು. ಜೂನ್‌ನಲ್ಲಿ ಹೊಸ ಹಾಳೆ ನೋಡಿದಾಗ ಮೊದಲ ಸಲ ಪ್ರತಿ ಹೆಸರನ್ನೂ ಓದಬೇಕಾಯಿತು. ಕಿಮ್ ಈಗ ನಮ್ಮ ಸೆನೆಟರ್.

ನೇಪಿಯನ್ ಕನ್ನಡಿಗ

ಹೌದು ಅಕ್ಕ, ಇಲ್ಲಿ ಅವಧಿಯ ಮಿತಿ ಇಲ್ಲ. ತೆಗೆಯುವ ದಾರಿಗಳು ಮಾತ್ರ ಹಲವು. ಸಂಸತ್ತಿನ ವಿಶ್ವಾಸ ಹೋದರೆ ಸರ್ಕಾರ ಬಿತ್ತು. 2005ರಲ್ಲಿ ಪಾಲ್ ಮಾರ್ಟಿನ್, 2011ರಲ್ಲಿ ಹಾರ್ಪರ್ ಸರ್ಕಾರ ಬಿದ್ದದ್ದು ಹಾಗೆ. ಚುನಾವಣೆಯಲ್ಲಿ ಹಾರ್ಪರ್ ಮತ್ತೆ ಗೆದ್ದು ಬಂದರು, ಅದು ಬೇರೆ ಮಾತು. ಪಕ್ಷದ ಸಂಸದರೇ ತೆಗೆಯಬಹುದು. 2022ರ ಫೆಬ್ರವರಿಯಲ್ಲಿ ಕನ್ಸರ್ವೇಟಿವ್ ಸಂಸದರು 73–45 ಓಟಿನಲ್ಲಿ ಎರಿನ್ ಒಟೂಲ್ ಅವರನ್ನು ಇಳಿಸಿದರು. ಲಿಬರಲ್ ಸಂಸದರು ಆ ಅಧಿಕಾರವನ್ನು ತಾವೇ ತೆಗೆದುಕೊಂಡಿರಲಿಲ್ಲ. ಹಾಗಾಗಿ ಟ್ರೂಡೊ ವಿಷಯದಲ್ಲಿ ಪತ್ರ ಬರೆದು, ಒತ್ತಡ ಹಾಕಿ, ತಿಂಗಳುಗಟ್ಟಲೆ ಕಾಯಬೇಕಾಯಿತು.

ಎರಡೂ ದೇಶದ ವ್ಯತ್ಯಾಸ ನೋಡಬೇಕಾದರೆ ಈ ತಿಂಗಳೊಂದೇ ಸಾಕು. ಅಮೆರಿಕದಲ್ಲಿ ಹಣಕಾಸು ಮಸೂದೆ ಪಾಸಾಗದೆ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, 43 ದಿನ ಸರ್ಕಾರಿ ಕೆಲಸ ನಿಂತಿತ್ತು. ಅಧ್ಯಕ್ಷರೂ ಇದ್ದರು, ಕಾಂಗ್ರೆಸ್ ಸದಸ್ಯರೂ ಇದ್ದರು. ಇಲ್ಲಿ ನವೆಂಬರ್ 17ರಂದು ಕಾರ್ನಿಯವರ ಬಜೆಟ್ 170–168ರಲ್ಲಿ ಪಾಸಾಯಿತು. ಬಿದ್ದಿದ್ದರೆ ಕ್ರಿಸ್‌ಮಸ್ ಹೊತ್ತಿಗೆ ನಾವು ಮತ್ತೆ ಶಾಲೆಯ ಹಾಲ್‌ನಲ್ಲಿ ಸಾಲು ನಿಲ್ಲಬೇಕಾಗುತ್ತಿತ್ತು. ಆ ಸಂಜೆ ನಾನು ಟಿವಿ ಮುಂದೆ ಎಣಿಸುತ್ತಾ ಕೂತಿದ್ದೆ.

ಎಡಿಸನ್ ಅಕ್ಕ

ಆ 43 ದಿನದ ಬಗ್ಗೆ ಹೇಳಲೇಬೇಕು. ನಮ್ಮ ಎದುರುಮನೆಯವರು ವಿಮಾನ ನಿಲ್ದಾಣದಲ್ಲಿ ತಪಾಸಣೆ ಕೆಲಸದಲ್ಲಿದ್ದಾರೆ. ಸಂಬಳ ಇಲ್ಲ, ಆದರೆ ಕೆಲಸಕ್ಕೆ ಹೋಗಲೇಬೇಕು. ಮೂರನೇ ವಾರಕ್ಕೆ ಮಗುವಿನ ಡೇಕೇರ್ ನಿಲ್ಲಿಸಿದರು. ಮಧ್ಯಾಹ್ನ ಆ ಮಗು ನಮ್ಮ ಮನೆಯಲ್ಲಿರುತ್ತಿತ್ತು. ಮೊಸರನ್ನ ತಿನ್ನುವುದು ಕಲಿತಿದೆ. ಬಜೆಟ್ ಬಿದ್ದರೆ ಸರ್ಕಾರವೇ ಬೀಳಲಿ, ಜನರ ಸಂಬಳ ಯಾಕೆ ಬೀಳಬೇಕು? ಈ ಒಂದು ವಿಷಯಕ್ಕೆ ನಾನು ಕೆನಡಾದ ಪದ್ಧತಿಯ ಪರ.

ಶಿರಾ ಮೇಷ್ಟ್ರು

170 ಅಂದರೆ? ಲಿಬರಲ್ ಗೆದ್ದದ್ದು 169 ಅಲ್ವಾ?

ಕ್ಯಾಲ್ಗರಿ ಹುಬ್ಬಳ್ಳಿ

ಸರಿಯಾಗಿ ಹಿಡಿದಿರಿ ಮೇಷ್ಟ್ರೇ. ಬಜೆಟ್ ಮಂಡಿಸಿದ ನವೆಂಬರ್ 4ರಂದೇ ನೋವಾ ಸ್ಕೋಶಿಯಾದ ಕನ್ಸರ್ವೇಟಿವ್ ಸಂಸದ ಕ್ರಿಸ್ ಡಿ'ಆಂಟ್ರಮಾಂಟ್ ಲಿಬರಲ್ ಕಡೆಗೆ ಬಂದರು. ಲಿಬರಲ್‌ನವರೇ ಆದ ಸ್ಪೀಕರ್ ಓಟು ಹಾಕಲಿಲ್ಲ, ಆದರೆ ಗ್ರೀನ್ ಪಕ್ಷದ ಎಲಿಜಬೆತ್ ಮೇ ಪರವಾಗಿ ಹಾಕಿದರು, ಹಾಗಾಗಿ 170. ಕೆನಡಾದಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ. ರಾಜೀನಾಮೆ ಬೇಕಿಲ್ಲ, ಉಪಚುನಾವಣೆ ಇಲ್ಲ. ಕುರ್ಚಿ ಬದಲಿಸಿದರೆ ಮುಗಿಯಿತು.

ಶಿರಾ ಮೇಷ್ಟ್ರು

ಇದು ನನಗೆ ಜೀರ್ಣವಾಗುತ್ತಿಲ್ಲ. 1985ರಿಂದ ನಮ್ಮಲ್ಲಿ ಕಾಯ್ದೆ ಇದೆ. 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದರು. ಅವರಲ್ಲಿ ಹಲವರು ಮತ್ತೆ ಗೆದ್ದರು, ಅದು ಬೇರೆ ಮಾತು. ಆದರೆ ಒಮ್ಮೆ ಜನರ ಮುಂದೆ ಹೋಗಿ ಕೈಮುಗಿಯಬೇಕಾಯಿತಲ್ಲ. ಟಿಕೆಟ್ ಕೊಡುವಾಗ ಅಷ್ಟು ಬಿಗಿ, ಗೆದ್ದ ಮೇಲೆ ಇಷ್ಟು ಸಡಿಲ. ಮತದಾರ ಎರಡೂ ಕಡೆ ಹೊರಗೇ ಉಳಿದ.

ವಿಂಡ್ಸರ್ ಗೆಳೆಯ

ಮೇಷ್ಟ್ರು ಹೇಳಿದ್ದು ಸರಿ. ಆದರೆ ಬೇರೆ ಕಡೆಯಿಂದಲೂ ನೋಡಬೇಕು. ಕಾಯ್ದೆ ಬಂದರೆ ನಾಯಕನ ಕೈ ಇನ್ನೂ ಬಲವಾಗುತ್ತದೆ. ಬಿ ಫಾರಂ ಅವನದೇ, ಗೆದ್ದ ಮೇಲೆ ವಿಪ್ ಕೂಡ ಅವನದೇ. ಈಗ ಸಂಸದನಿಗೆ ಇರುವ ಒಂದೇ ಬಾಗಿಲು ಅದು. ನನ್ನ ಆಸೆ ಬೇರೆ. ಟಿಕೆಟ್‌ಗಾಗಿ ಕ್ಷೇತ್ರದ ಪಕ್ಷ ಸದಸ್ಯರು ಸಭೆ ಸೇರಿ ಓಟು ಹಾಕುವ ಕ್ರಮ ಕೆನಡಾದಲ್ಲಿ ಇದ್ದೇ ಇದೆ. ಹಾಗೆ ಆರಿಸಿದವರನ್ನು ಮೇಲಿನವರು ತೆಗೆಯುವುದಾದರೆ ಕಾರಣವನ್ನು ಬರೆದು, ಎಲ್ಲರ ಮುಂದೆ ಇಡಬೇಕು. ಅಷ್ಟಾದರೂ ಬರಲಿ.

ಹೊಸಬ ಬ್ರಾಂಪ್ಟನ್

ನಾನು ಇನ್ನೂ ಪಿಆರ್, ಅಂದರೆ ಪೌರತ್ವ ಇಲ್ಲದ ಕಾಯಂ ನಿವಾಸಿ. ನನಗೆ ಓಟೇ ಇಲ್ಲ. ನಾನು ಇದನ್ನೆಲ್ಲ ಓದಿ ಏನು ಮಾಡಲಿ ಅಂತ ಯೋಚಿಸುತ್ತಿದ್ದೆ.

ನೇಪಿಯನ್ ಕನ್ನಡಿಗ

ಇಲ್ಲ, ನಿಮಗೂ ದಾರಿ ಇದೆ! ಇದನ್ನು ಬಹಳ ಜನ ತಿಳಿದುಕೊಂಡಿಲ್ಲ. ಮಾರ್ಚ್ 9ರಂದು ಕಾರ್ನಿಯವರನ್ನು ನಾಯಕನನ್ನಾಗಿ ಮಾಡಿದ್ದು ಒಂದೂವರೆ ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ಓಟುಗಳು. ದೇಶದಲ್ಲಿರುವುದು ನಾಲ್ಕು ಕೋಟಿ ಜನ. ಆ ಓಟಿಗೆ ಪೌರತ್ವವೇ ಬೇಕು ಅಂತ ಇರಲಿಲ್ಲ. ಪಿಆರ್ ಆಗಿದ್ದು, 14 ವರ್ಷ ತುಂಬಿ, ಪಕ್ಷದಲ್ಲಿ ಹೆಸರು ನೋಂದಾಯಿಸಿದ್ದರೆ ಸಾಕಿತ್ತು. ನೋಂದಣಿ ಉಚಿತ. ಪ್ರತಿ ಕ್ಷೇತ್ರಕ್ಕೂ ಸಮಾನ ಅಂಕ ಇದ್ದದ್ದರಿಂದ ಕಡಿಮೆ ಸದಸ್ಯರಿರುವ ಕಡೆ ಒಂದೊಂದು ಓಟಿಗೂ ಜಾಸ್ತಿ ತೂಕ. ಕನ್ಸರ್ವೇಟಿವ್ ಪಕ್ಷಕ್ಕೂ 14 ವರ್ಷವೇ, ಪಿಆರ್ ಆದರೂ ಆದೀತು, 15 ಡಾಲರ್ ಕಟ್ಟಬೇಕು.

ನಾನು ಆ ಜನವರಿಯಲ್ಲಿ ಸುಮ್ನೆ ಸುದ್ದಿ ನೋಡುತ್ತಾ ಕೂತಿದ್ದೆ. ಹೆಸರು ನೋಂದಾಯಿಸಲು ಕೊನೆಯ ದಿನ 27 ಆಗಿತ್ತು. ಅದು ದಾಟಿದ ಮೇಲೆ ಗೊತ್ತಾಯಿತು.

ಎಡಿಸನ್ ಅಕ್ಕ

ನಮ್ಮ ಕಡೆಯವರಿಗೂ ಹೇಳಿಬಿಡುತ್ತೇನೆ. ನ್ಯೂಜೆರ್ಸಿಯಲ್ಲಿ ಯಾವ ಪಕ್ಷಕ್ಕೂ ಸೇರದೆ ಇರುವ ಮತದಾರರು ಪ್ರೈಮರಿ ದಿನವೇ ಮತಗಟ್ಟೆಯಲ್ಲಿ ಪಕ್ಷ ಆರಿಸಿಕೊಂಡು ಓಟು ಹಾಕಬಹುದು. 2026ರದ್ದು ಜೂನ್ 2ಕ್ಕೆ. ನಮ್ಮ ಕನ್ನಡದವರು ನವೆಂಬರ್‌ಗೆ ಬರುತ್ತಾರೆ, ಜೂನ್‌ಗೆ ಬರುವುದೇ ಇಲ್ಲ. ಯುಗಾದಿ ಕಾರ್ಯಕ್ರಮದಲ್ಲಿ ಊಟದ ಸಾಲಿನ ಪಕ್ಕದಲ್ಲೇ ಒಂದು ಮೇಜು ಹಾಕಿಸುತ್ತೇನೆ.

ಹೊಸಬ ಬ್ರಾಂಪ್ಟನ್

ಈಗಷ್ಟೇ ಮಗಳಿಗೆ ಓದಿ ಹೇಳಿದೆ. ಅವಳಿಗೆ 15 ವರ್ಷ. "ಅಪ್ಪಾ, ಎರಡೂ ಪಕ್ಷದ ನಿಯಮ ಓದಿ ಆಮೇಲೆ ಸೇರ್ತೀನಿ, ನೀವು ಯಾವುದು ಅಂತ ಹೇಳ್ಬೇಡಿ" ಅಂದಳು. ಲ್ಯಾಪ್‌ಟಾಪ್ ತೆಗೆದುಕೊಂಡು ಕೋಣೆಗೆ ಹೋಗಿದ್ದಾಳೆ. ನಾನು ಇಲ್ಲಿ ಹೊರಗೆ ಕೂತು ನನ್ನ ಅರ್ಜಿ ತುಂಬುತ್ತಿದ್ದೇನೆ.